ನೈಜೀರಿಯಾ ಸೇನೆಗೆ ಎಷ್ಟನೇ ರ‍್ಯಾಂಕ್?

ಪ್ರಶ್ನೆ: ಆಫ್ರಿಕಾದಲ್ಲಿ ನೈಜೀರಿಯಾ ಸೇನೆ ಎಷ್ಟನೇ ಸ್ಥಾನದಲ್ಲಿದೆ? ಒಂದೊಂದು ಕಡೆ ಒಂದೊಂದು ಸಂಖ್ಯೆ ಇರುತ್ತದೆ. ಅದರ ರಕ್ಷಣಾ ಖರ್ಚನ್ನೂ ಒಬ್ಬರು 200 ಕೋಟಿ ಡಾಲರ್ ಅಂತಾರೆ, ಇನ್ನೊಬ್ಬರು 400 ಕೋಟಿ ಅಂತಾರೆ. ಯಾವುದು ಸರಿ?

ಉತ್ತರ: ದೇಶದ ಹೆಸರು ಬದಲಾಗುತ್ತದೆ, ಪ್ರಶ್ನೆ ಮಾತ್ರ ಅದೇ. ಹೋದ ಸಲ ಈಜಿಪ್ಟ್, ಅದಕ್ಕೂ ಮೊದಲು ಇಥಿಯೋಪಿಯಾ. ಈ ಸಲ ನೈಜೀರಿಯಾ ಇಟ್ಟುಕೊಂಡೇ ಪೂರ್ತಿ ಹೇಳಿಬಿಡುತ್ತೇನೆ. ಮುಂದೆ ಯಾರಾದರೂ ಕೇಳಿದರೆ ಇದನ್ನೇ ಕಳಿಸಿ.

ಮೊದಲು ಆ ರ‍್ಯಾಂಕ್ ವಿಷಯ. ನೀವು ನೋಡುವ ಪಟ್ಟಿಗಳಲ್ಲಿ ಹೆಚ್ಚಿನವು ಬರುವುದು ಗ್ಲೋಬಲ್ ಫೈರ್‌ಪವರ್ ಎಂಬ ವೆಬ್‌ಸೈಟಿನಿಂದ. ಅದು ವಿಶ್ವಸಂಸ್ಥೆಯದಲ್ಲ, ಯಾವ ಸರ್ಕಾರದ್ದೂ ಅಲ್ಲ. ಖಾಸಗಿ ವೆಬ್‌ಸೈಟು. 60ಕ್ಕೂ ಹೆಚ್ಚು ಅಂಶಗಳನ್ನು ಒಂದು ಸೂತ್ರಕ್ಕೆ ಹಾಕಿ ದೇಶಕ್ಕೊಂದು ಅಂಕ ಕೊಡುತ್ತದೆ. ಆ ಅಂಶಗಳಲ್ಲಿ ಸೈನಿಕರು, ಟ್ಯಾಂಕು, ವಿಮಾನ ಇವೆ, ಸರಿ. ಜೊತೆಗೆ ಜನಸಂಖ್ಯೆ, ತೈಲ ಉತ್ಪಾದನೆ, ರಸ್ತೆಗಳ ಉದ್ದ ಕೂಡ ಇವೆ! ನೈಜೀರಿಯಾದಲ್ಲಿ 20 ಕೋಟಿಗೂ ಜಾಸ್ತಿ ಜನ. ನೆಲದಡಿ ತೈಲವೂ ಇದೆ. ಒಂದು ಬಂದೂಕು ಕೊಳ್ಳುವ ಮೊದಲೇ ಅರ್ಧ ದೂರ ಹತ್ತಿದ ಹಾಗಾಯ್ತು. ಲಾಗೋಸ್‌ನಲ್ಲಿ ಬಸ್ಸಿಗೆ ಕಾಯುತ್ತಿರುವ ಹುಡುಗನೂ 'ಸೇನೆಗೆ ಲಭ್ಯವಿರುವ ಜನಬಲ'ದ ಲೆಕ್ಕಕ್ಕೆ ಬರುತ್ತಾನೆ.

ಬಿಟ್ಟದ್ದನ್ನೂ ನೋಡಿ. ಅಣುಬಾಂಬ್ ಲೆಕ್ಕಕ್ಕಿಲ್ಲ, ನಾಯಕತ್ವವೂ ಲೆಕ್ಕಕ್ಕಿಲ್ಲ ಎಂದು ಅವರೇ ಹೇಳಿಕೊಂಡಿದ್ದಾರೆ. ಇನ್ನು ಟ್ಯಾಂಕಿಗೆ ಡೀಸೆಲ್ ಇದೆಯಾ, ಹಾರುವ ಸ್ಥಿತಿಯಲ್ಲಿ ಎಷ್ಟು ವಿಮಾನಗಳಿವೆ, ಸೈನಿಕನಿಗೆ ಸಂಬಳ ಸರಿಯಾಗಿ ಸಿಗುತ್ತದಾ ಎಂಬುದು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಊರಲ್ಲಿ ಎಷ್ಟು ಬೋರ್‌ವೆಲ್ ಕೊರೆದಿದ್ದಾರೆ ಎಂದು ಎಣಿಸಿ, ಊರಿಗೆ ನೀರಿನ ಕೊರತೆ ಇಲ್ಲ ಎಂದು ಬರೆದ ಹಾಗೆ ಇದು.

'ಆದರೂ ಟ್ಯಾಂಕು ಜಾಸ್ತಿ ಇದ್ದವರೇ ಅಲ್ವಾ ಗೆಲ್ಲೋದು' ಎಂದು ಕೇಳುವವರು ಇದ್ದೇ ಇರುತ್ತಾರೆ. ಅವರಿಗೆ 1987ರ ಕಥೆ ಹೇಳುತ್ತೇನೆ. ಗಡ್ಡಾಫಿಯ ಲಿಬಿಯಾ ಹತ್ತಿರ 2,000ಕ್ಕೂ ಹೆಚ್ಚು ಟ್ಯಾಂಕುಗಳಿದ್ದವು. ಎದುರಿಗೆ ಚಾಡ್. ಬಡ ದೇಶ. ಸೈನಿಕರು ಓಡಾಡುತ್ತಿದ್ದದ್ದು ಟೊಯೋಟಾ ಪಿಕಪ್‌ಗಳಲ್ಲಿ, ಅದರ ಮೇಲೆ ಫ್ರಾನ್ಸ್ ಕೊಟ್ಟ, ಟ್ಯಾಂಕು ಒಡೆಯುವ ಮಿಲಾನ್ ಕ್ಷಿಪಣಿ. ಜನವರಿ 2ರಂದು ಉತ್ತರ ಚಾಡ್‌ನ ಫಾದಾ ಎಂಬಲ್ಲಿ ಲಿಬಿಯಾ ಹಾಕಿಕೊಂಡಿದ್ದ ನೆಲೆಗೆ ನುಗ್ಗಿದರು. ಸಾಮಾನ್ಯವಾಗಿ ಕೊಡುವ ಲೆಕ್ಕದ ಪ್ರಕಾರ ಲಿಬಿಯಾ ಕಳೆದುಕೊಂಡದ್ದು 92 ಟ್ಯಾಂಕು, ಚಾಡ್ ಕಳೆದುಕೊಂಡದ್ದು 3 ಟೊಯೋಟಾ. ಮಾರ್ಚ್‌ನಲ್ಲಿ ವಾದಿ ದೂಮ್ ವಾಯುನೆಲೆಯೂ ಲಿಬಿಯಾದ ಕೈತಪ್ಪಿ ಹೋಯಿತು. ಇವತ್ತಿಗೂ ಅದನ್ನು 'ಟೊಯೋಟಾ ಯುದ್ಧ' ಎಂದೇ ಕರೆಯುತ್ತಾರೆ. ಫ್ರಾನ್ಸ್, ಅಮೆರಿಕದ ಬೆಂಬಲ ಚಾಡ್‌ಗಿತ್ತು ನಿಜ. ಆದರೆ ಅಂಥ ಬೆಂಬಲಕ್ಕೂ ರ‍್ಯಾಂಕ್ ಪಟ್ಟಿಯಲ್ಲಿ ಜಾಗ ಇಲ್ಲವಲ್ಲ!

ಅದು ಹಳೇ ಮಾತು ಅನ್ನಬೇಡಿ. 2015ರ ಆರಂಭದಲ್ಲಿ ಬೊಕೊ ಹರಾಂ ಎಂಬ ಉಗ್ರರ ಗುಂಪು ಈಶಾನ್ಯ ನೈಜೀರಿಯಾದ ಊರೂರನ್ನೇ ಹಿಡಿದುಕೊಂಡಿತ್ತು. ಗಡಿ ದಾಟಿ ಬಂದು ಗಂಬೋರು, ಡಿಕ್ವಾ ಪಟ್ಟಣಗಳಿಂದ ಅದನ್ನು ಓಡಿಸಿದ್ದು ಇದೇ ಚಾಡ್ ಸೇನೆ. ಪಟ್ಟಿಯಲ್ಲಿ ಚಾಡ್ ಯಾವತ್ತೂ ನೈಜೀರಿಯಾಕ್ಕಿಂತ ಎಷ್ಟೋ ಕೆಳಗೆ. ಹಾಗಂತ ಚಾಡ್ ಸೇನೆಯನ್ನು ಹೊತ್ತು ಮೆರೆಸಬೇಕಿಲ್ಲ. 2020ರ ಮಾರ್ಚ್‌ನಲ್ಲಿ ಚಾಡ್‌ನದೇ ಬೋಮಾದಲ್ಲಿ ಬೊಕೊ ಹರಾಂನ ಒಂದೇ ದಾಳಿಯಲ್ಲಿ ಅದರ 90ಕ್ಕೂ ಹೆಚ್ಚು ಸೈನಿಕರು ಸತ್ತರು.

ಸೈನಿಕರ ಸಂಖ್ಯೆಯಾದರೂ ಸರಿ ಇರುತ್ತದಾ? ದೇಶದೇಶದ ಸೇನೆಗಳ ಲೆಕ್ಕ ಇಡುವ ಲಂಡನ್ನಿನ ಐಐಎಸ್‌ಎಸ್ ಸಂಸ್ಥೆಯ ಪ್ರಕಾರ ನೈಜೀರಿಯಾಕ್ಕೆ ಸುಮಾರು 1,43,000 ಸೈನಿಕರು, ಜೊತೆಗೆ 80,000 ಅರೆಸೇನಾ ಸಿಬ್ಬಂದಿ. ಎರಡನ್ನೂ ಸುಮ್ನೆ ಕೂಡಿಸಿ '2 ಲಕ್ಷಕ್ಕೂ ಮೀರಿದ ಸೇನೆ' ಎಂದು ಬರೆಯುವವರಿದ್ದಾರೆ. ಅದಿರಲಿ, ಆ ಸೈನಿಕರು ಎಲ್ಲಿದ್ದಾರೆ? ದೇಶದ 36 ರಾಜ್ಯಗಳಲ್ಲಿ ಹೆಚ್ಚುಕಡಿಮೆ ಎಲ್ಲ ಕಡೆ ಪೊಲೀಸರು ಮಾಡಬೇಕಾದ ಕೆಲಸ ಮಾಡುತ್ತಿದ್ದಾರೆ. ಹಾಗಾಗಿ 'ಎಷ್ಟು ಬಲ' ಎಂದು ಕೇಳುವ ಮೊದಲು 'ಯಾವ ಕೆಲಸಕ್ಕೆ' ಎಂದು ಕೇಳಿಕೊಳ್ಳಿ.

ಈಗ ದುಡ್ಡಿನ ವಿಷಯ. ನಿಮ್ಮ 200 ಕೋಟಿಯೂ ಸರಿ, 400 ಕೋಟಿಯೂ ಸರಿ. 2024ರ ಬಜೆಟ್‌ನಲ್ಲಿ ರಕ್ಷಣೆ ಮತ್ತು ಭದ್ರತೆಗೆ ಇಟ್ಟದ್ದು 3.25 ಲಕ್ಷ ಕೋಟಿ ನೈರಾ (ನೈರಾ ಅಂದರೆ ಅಲ್ಲಿನ ಹಣ). ಇದರಲ್ಲಿ ಪೊಲೀಸ್ ಖರ್ಚೂ ಸೇರಿದೆ, ಮರೆಯಬೇಡಿ. ಬಜೆಟ್ ಮಾಡಿದವರು ಡಾಲರ್‌ಗೆ 800 ನೈರಾ ಎಂದುಕೊಂಡಿದ್ದರು. ಆಗ ಇದು 406 ಕೋಟಿ ಡಾಲರ್. ಆದರೆ ನೈರಾ ಕುಸಿದು 1,500ರ ಆಸುಪಾಸಿಗೆ ಹೋಯಿತು. ಆ ದರದಲ್ಲಿ ಅದೇ ದುಡ್ಡು 217 ಕೋಟಿ. 2023ರ ಜೂನ್‌ಗೆ ಮೊದಲಿದ್ದ 465ರ ಹಳೇ ದರ ಹಿಡಿದರೆ ಸುಮಾರು 700 ಕೋಟಿ! ಸೈನಿಕ ಸಂಬಳ ತೆಗೆದುಕೊಳ್ಳುವುದು ನೈರಾದಲ್ಲಿ, ಗೆಣಸು ಕೊಳ್ಳುವುದೂ ನೈರಾದಲ್ಲಿ. ವಿಮಾನದ ಬಿಡಿಭಾಗ ಮಾತ್ರ ಡಾಲರ್‌ನಲ್ಲಿ. ಹಾಗಾಗಿ ನೈರಾ ಬಿದ್ದಾಗ ಸೇನೆಯ ಖರ್ಚಿನಲ್ಲಿ ಒಂದು ಭಾಗಕ್ಕೆ ಪೆಟ್ಟು ಜೋರು, ಇನ್ನೊಂದಕ್ಕೆ ಅಷ್ಟಿಲ್ಲ.

ಬಜೆಟ್ ಪುಸ್ತಕದಲ್ಲಿ ಇಲ್ಲದ ದುಡ್ಡೂ ಇದೆ. ಅಮೆರಿಕದಿಂದ 12 ಸೂಪರ್ ಟುಕಾನೋ ವಿಮಾನ ಕೊಂಡರಲ್ಲ, ಅದಕ್ಕೆ 2018ರಲ್ಲಿ ಸುಮಾರು 50 ಕೋಟಿ ಡಾಲರ್ ಕೊಟ್ಟದ್ದು ಹೆಚ್ಚುವರಿ ಕಚ್ಚಾ ತೈಲ ಖಾತೆಯಿಂದ (ಬಜೆಟ್‌ನಲ್ಲಿ ಅಂದಾಜಿಸಿದ್ದಕ್ಕಿಂತ ಜಾಸ್ತಿ ಬಂದ ತೈಲದ ಹಣ ಕೂಡಿಡುವ ಖಾತೆ), ಅದೂ ಸಂಸತ್ತು ಒಪ್ಪುವ ಮೊದಲೇ. ಇನ್ನು 'ಸೆಕ್ಯುರಿಟಿ ವೋಟ್' ಅಂತ ಒಂದಿದೆ. ರಾಜ್ಯಪಾಲರು ಮುಂತಾದವರ ಕೈಗೆ ಹೋಗುವ, ಲೆಕ್ಕ ಕೊಡಬೇಕಿಲ್ಲದ ಹಣ. (ಅಲ್ಲಿ ರಾಜ್ಯಪಾಲರೆಂದರೆ ಚುನಾಯಿತರು, ನಮ್ಮ ಮುಖ್ಯಮಂತ್ರಿಗಳ ಹಾಗೆ.) ಇದು ವರ್ಷಕ್ಕೆ 67 ಕೋಟಿ ಡಾಲರ್‌ಗೂ ಜಾಸ್ತಿ ಎಂದು ಭ್ರಷ್ಟಾಚಾರದ ಮೇಲೆ ಕಣ್ಣಿಡುವ ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್ ಸಂಸ್ಥೆ 2018ರಲ್ಲಿ ಅಂದಾಜು ಮಾಡಿತ್ತು. ಆಗಿನ ಭೂಸೇನೆಯ ವರ್ಷದ ಬಜೆಟ್‌ಗಿಂತ ಇದೇ ದೊಡ್ಡದು.

ಜಿಡಿಪಿಯ ಶೇಕಡಾವಾರು ನೋಡಿದರಾಯ್ತು ಅಂತೀರಾ? 2014ರಲ್ಲಿ ನೈಜೀರಿಯಾ ತನ್ನ ಜಿಡಿಪಿಯನ್ನು ಹೊಸ ಮೂಲವರ್ಷ ಇಟ್ಟುಕೊಂಡು ಮತ್ತೆ ಲೆಕ್ಕ ಹಾಕಿತು. ಒಂದೇ ದಿನದಲ್ಲಿ ಜಿಡಿಪಿ ಶೇ 89ರಷ್ಟು ಏರಿತು. ಅಂದರೆ ಶೇ 1 ಇದ್ದ ರಕ್ಷಣಾ ಖರ್ಚು ಶೇ 0.53 ಆಗಿಬಿಡುತ್ತದೆ. ಒಂದು ಗುಂಡೂ ಕಡಿಮೆಯಾಗಿಲ್ಲ!

ನಾನೇನು ನೋಡುತ್ತೇನೆ ಎಂದರೆ, ದೇಶಗಳ ಸೇನಾ ಖರ್ಚಿನ ಲೆಕ್ಕ ಇಡುವ ಸ್ಟಾಕ್‌ಹೋಮ್‌ನ ಸಿಪ್ರಿ ಸಂಶೋಧನಾ ಸಂಸ್ಥೆಯ ಅಂಕಿಗಳನ್ನು. ಅವರು ಎಲ್ಲ ದೇಶಕ್ಕೂ ಒಂದೇ ವ್ಯಾಖ್ಯಾನ ಹಿಡಿಯಲು ನೋಡುತ್ತಾರೆ, ಏನು ಸೇರಿದೆ, ಏನು ಸೇರಿಲ್ಲ ಎಂದೂ ಬರೆಯುತ್ತಾರೆ. ಒಂದು ವರ್ಷದ ಅಂಕಿ ಹಿಡಿದು ಕುಣಿಯಬೇಡಿ, ಹತ್ತು ವರ್ಷದ್ದು ನೋಡಿ.

ಯಾರೂ ಕೇಳದ ಒಂದು ಪ್ರಶ್ನೆ ನನಗೆ ಇದಕ್ಕಿಂತ ಇಷ್ಟ. ಸೇನೆಯೇ ಇಲ್ಲದ ದೇಶದ ರಕ್ಷಣಾ ಖರ್ಚು ಎಷ್ಟು? ಮಾರಿಷಸ್ 1968ರಲ್ಲಿ ಸ್ವತಂತ್ರವಾಯಿತು. ಇವತ್ತಿಗೂ ಅದಕ್ಕೆ ಸೇನೆ ಇಲ್ಲ. ಸ್ಪೆಷಲ್ ಮೊಬೈಲ್ ಫೋರ್ಸ್, ಕರಾವಳಿ ಕಾವಲು ಪಡೆ ಎರಡೂ ಪೊಲೀಸ್ ಕಮಿಷನರ್ ಕೈಕೆಳಗೆ. ಕರಾವಳಿ ಪಡೆಗೆ 2015ರಲ್ಲಿ ಸೇರಿದ ಬರಾಕುಡಾ ಹಡಗು ಕೋಲ್ಕತ್ತಾದಲ್ಲಿ ಕಟ್ಟಿದ್ದು. ಬೆಂಗಳೂರಿನ ಎಚ್‌ಎಎಲ್ 2022ರ ಜನವರಿಯಲ್ಲಿ ಒಂದು ಧ್ರುವ್ ಹೆಲಿಕಾಪ್ಟರ್ ಕೊಡಲು ಒಪ್ಪಂದ ಮಾಡಿಕೊಂಡದ್ದೂ ಮಾರಿಷಸ್ ಪೊಲೀಸರಿಗೇ. ಸೇನಾ ಕಾರ್ಯಾಚರಣೆಗೆ ತರಬೇತಿ, ಸಾಮಗ್ರಿ ಎರಡೂ ಇರುವ ಅರೆಸೇನಾ ಪಡೆಗಳ ಖರ್ಚನ್ನು ಸಿಪ್ರಿ ಸೇನಾ ಖರ್ಚಿಗೇ ಸೇರಿಸುತ್ತದೆ. ಮಾರಿಷಸ್‌ನ ಬಜೆಟ್ ಪುಸ್ತಕದಲ್ಲಿ ಮಾತ್ರ ಅದು ಪೊಲೀಸ್ ಖರ್ಚು.