ಹಿಮ್ಮಡಿಯ ನರ ಬಯಲಾದಾಗ

"ತೊಡೆ ಚರ್ಮ ತೆಗೆದು ಗಾಯಕ್ಕೆ ಹಾಕ್ಬಿಡಿ ಸಾರ್, ಬೇಗ ಊರಿಗೆ ಹೋಗ್ತೀವಿ." ಪಾವಗಡದ ಕಡೆಯಿಂದ ಮಗನನ್ನು ಎತ್ತಿಕೊಂಡು ತುಮಕೂರಿಗೆ ಬಂದಿದ್ದ ತಂದೆ ಕೇಳಿದ್ದು ಇಷ್ಟೇ. ಬೈಕಿನ ಹಿಂದೆ ಕೂತಿದ್ದಾಗ ಹುಡುಗನ ಕಾಲು ಚಕ್ರದ ಕಡ್ಡಿಗೆ ಸಿಕ್ಕಿ ಹತ್ತು ದಿನವಾಗಿತ್ತು. ಗಾಯಕ್ಕೆ ಮೆತ್ತಿದ್ದ ಕಾಫಿ ಪುಡಿ, ಅರಿಶಿನ ತೊಳೆದ ಮೇಲೆ ಒಳಗೆ ಬೆಳ್ಳಗೆ ಹಗ್ಗದಂಥದ್ದು ಕಂಡಿತು. "ಮೂಳೆನಾ ಸಾರ್?" ಅಲ್ಲ, ಟೆಂಡನ್. ಮೀನಖಂಡವನ್ನು ಹಿಮ್ಮಡಿಗೆ ಕಟ್ಟಿ ಹಿಡಿಯುವ ಹುರಿ ಅದು. ನಮ್ಮ ಕಡೆ ಇದಕ್ಕೂ ನರ ಅಂತಲೇ ಹೇಳುತ್ತಾರೆ.

ಚರ್ಮ ಹಾಕಬಹುದೋ ಇಲ್ಲವೋ ಅನ್ನೋದು ಟೆಂಡನ್ ಮೇಲಿನ ಒಂದು ಪೊರೆಯ ಮೇಲೆ ನಿಂತಿದೆ. ಕಡಲೆಕಾಯಿ ಬೀಜದ ಕೆಂಪು ಸಿಪ್ಪೆಯಷ್ಟು ತೆಳು. ಹೆಸರು ಪ್ಯಾರಾಟೆನಾನ್. ರಕ್ತ ಓಡಾಡುವುದು ಅದರಲ್ಲಿ. ಪೊರೆ ಉಳಿದಿದ್ದರೆ ತೊಡೆಯ ತೆಳು ಚರ್ಮ ಚೆನ್ನಾಗಿ ಹಿಡಿಯುತ್ತದೆ. ಹೋಗಿದ್ದರೆ ಬಂಡೆ ಮೇಲೆ ರಾಗಿ ಪೈರು ನೆಟ್ಟ ಹಾಗೆ. ಈ ಹುಡುಗನಿಗೆ ಪೊರೆ ಹೋಗಿತ್ತು, ಟೆಂಡನ್ ಒಂದು ಕಡೆ ಒಣಗಿ ಹಳದಿಯಾಗಿತ್ತು. ಗಾಳಿಗೆ ಬಿಟ್ಟರೆ ಒಣಗುತ್ತದೆ, ಒಣಗಿದ್ದು ಸಾಯುತ್ತದೆ. "ಗಾಯಕ್ಕೆ ಗಾಳಿ ಆಡಲಿ" ಅನ್ನೋ ಮಾತು ಇಲ್ಲಿ ನಡೆಯಲ್ಲ. ಸಲೈನಿನ ಒದ್ದೆ ಡ್ರೆಸಿಂಗ್ ಬೇಕು.

ಗಾಯ ಮುಚ್ಚಿ ಒಳಗಿನ ನೀರು ಹೀರುವ ವ್ಯಾಕ್ ಯಂತ್ರ ಹಾಕಿ ಮಾಂಸ ಬೆಳೆಸಬಹುದು ಅಲ್ವಾ ಅಂತ ಕೇಳುವವರಿದ್ದಾರೆ. ಬಯಲಾದ ಜಾಗ ಸಣ್ಣದಿದ್ದರೆ ಸರಿ. ಜಾಸ್ತಿ ಇದ್ದರೆ ನಾನು ಅದನ್ನೊಂದೇ ನಂಬಲ್ಲ. ವಾರಗಟ್ಟಲೆ ಕಾಯಬೇಕು, ಕೊನೆಗೆ ಕಲೆ ಟೆಂಡನ್‌ಗೆ ಅಂಟಿಕೊಂಡು ಚಪ್ಪಲಿ ಉಜ್ಜಿದರೂ ಒಡೆಯುತ್ತದೆ.

ಇವನಿಗೆ ಮಾಡಿದ್ದು ಸ್ಯೂರಲ್ ಫ್ಲ್ಯಾಪ್. ಮೀನಖಂಡದ ಹಿಂದಿನ ಚರ್ಮವನ್ನು ಅದರ ಅಡಿಯ ಪೊರೆ, ರಕ್ತನಾಳದ ಸಮೇತ ಎತ್ತಿ, ಕೆಳಗಿನ ತೊಟ್ಟು ಹಾಗೇ ಬಿಟ್ಟು, ಹಿಮ್ಮಡಿಗೆ ಮಗುಚುವುದು. ರಕ್ತ ಬರುವುದು ಆ ತೊಟ್ಟಿನಿಂದಲೇ. ಹಾಗಾಗಿ ಪಾದದ ಹೊರಗಡೆಯ ಗಂಟಿಗಿಂತ ಸುಮಾರು 5 ಸೆಂಟಿಮೀಟರ್ ಮೇಲೆಯೇ ಬಿಡಿಸುವುದನ್ನು ನಿಲ್ಲಿಸುತ್ತೇವೆ. ಮೈಕ್ರೋಸ್ಕೋಪ್ ಬೇಡ, ಜಿಲ್ಲಾ ಊರಲ್ಲೇ ಆಗುತ್ತದೆ. ಸುಮ್ನೆ ಬರಲ್ಲ ಬಿಡಿ: ಪಾದದ ಹೊರ ಅಂಚು ಜೋಮು ಹಿಡಿದ ಹಾಗೆ ಉಳಿಯುತ್ತದೆ, ಹಿಮ್ಮಡಿ ಹಿಂದೆ ಸ್ವಲ್ಪ ಉಬ್ಬು ಕಾಣುತ್ತದೆ. ಸಕ್ಕರೆ ಕಾಯಿಲೆಯವರಿಗೆ, ಬೀಡಿ ಬಿಡದವರಿಗೆ ಫ್ಲ್ಯಾಪಿನ ತುದಿ ಕಪ್ಪಾಗುವ ಭಯ ಹೆಚ್ಚು. ಅವರಿಗೆ ಮೊದಲು ಡಾಪ್ಲರ್‌ನಲ್ಲಿ ಕಾಲಿನ ರಕ್ತದ ಓಡಾಟ ನೋಡಲೇಬೇಕು.

ಗಾಯ ತೀರಾ ದೊಡ್ಡದಿದ್ದರೆ, ಟೆಂಡನ್ನೇ ತುಂಡು ಹೋಗಿದ್ದರೆ, ತೊಡೆಯ ಹೊರಬದಿಯ ಚರ್ಮ ತಂದು ಮೈಕ್ರೋಸ್ಕೋಪಿನಡಿ ನಾಳ ಜೋಡಿಸುತ್ತಾರೆ. ತೊಡೆಯ ಗಟ್ಟಿ ಪೊರೆಯನ್ನೂ ಜೊತೆಗೆ ತಂದರೆ ಹೊಸ ಹುರಿಗೆ ಅದೇ ಆಗುತ್ತದೆ. ಅಂಥವರನ್ನು ಬೆಂಗಳೂರಿಗೆ ಕಳಿಸುತ್ತೇನೆ.

ಎರಡನೇ ದಿನ ರೌಂಡ್ಸ್‌ಗೆ ಹೋದರೆ ಅಜ್ಜಿ ಮೊಮ್ಮಗನ ಹಿಮ್ಮಡಿಯಡಿ ಮೆತ್ತನೆ ದಿಂಬು ಇಟ್ಟಿದ್ದರು, ಪಾಪ. ಭಾರ ಬಿದ್ದರೆ ತೊಟ್ಟು ಅಮುಕಿ ರಕ್ತ ನಿಲ್ಲುತ್ತದೆ. "ಅಜ್ಜಿ, ದಿಂಬು ಎದೆ ಕೆಳಗೆ ಇಡಿ" ಎಂದು ಅವನನ್ನು ಬೋರಲು ಮಲಗಿಸಿದೆ.