ತಾರೀಕು ಹೇಳಿಯೇ ಬರುವ ನೀರು

ಕುಮಟಾ ಕಡೆ ಅಘನಾಶಿನಿ ಅಳಿವೆಯ ಪಕ್ಕ ನನ್ನ ಅತ್ತೆಯ ಮನೆ. ಹಿಂದೊಮ್ಮೆ ಹೋದಾಗ ಮಳೆಯ ಸುಳಿವೇ ಇರಲಿಲ್ಲ, ಆದರೂ ರಸ್ತೆ ಬದಿಯ ಗಟಾರ ತುಂಬುತ್ತಿತ್ತು. ಹೊಳೆಗೆ ಹೋಗಬೇಕಾದ ನೀರು ಹೊಳೆಯಿಂದಲೇ ವಾಪಸ್ ಬರುತ್ತಿತ್ತು, ಜೊತೆಗೆ ಬೆರಳುದ್ದದ ಮೀನುಗಳು. ‘ಇವತ್ತು ಅಮಾಸೆ ಅಲ್ದಾ, ಗಾಡಿ ಜಗಲಿಗೆ ಹತ್ಸು’ ಅಂದರು ಅತ್ತೆ.

ಅಮಾವಾಸ್ಯೆ, ಹುಣ್ಣಿಮೆಗೆ ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬರುತ್ತವೆ. ಸೂರ್ಯ, ಚಂದ್ರರ ಸೆಳೆತ ಕೂಡಿ ಭರತ, ಅಂದರೆ ಕಡಲಿನ ಉಬ್ಬರ, ಜಾಸ್ತಿಯಾಗಿ ನೀರು ಹೊಳೆಗೂ ಗಟಾರಕ್ಕೂ ನುಗ್ಗುತ್ತದೆ. ಕಾರವಾರದಲ್ಲಿ ಆ ದಿನಗಳಲ್ಲಿ ಭರತಕ್ಕೂ ಇಳಿತಕ್ಕೂ ಒಂದೂವರೆ ಮೀಟರಿಗೂ ಹೆಚ್ಚು ಅಂತರ. ಒಂದು ಭರತದಿಂದ ಇನ್ನೊಂದಕ್ಕೆ ಹೆಚ್ಚುಕಡಿಮೆ 12 ಗಂಟೆ 25 ನಿಮಿಷ. ಹಾಗಾಗಿ ಇವತ್ತಿನ ನೀರು ನಾಳೆ 50 ನಿಮಿಷ ತಡ. ಇದನ್ನೆಲ್ಲ ಲೆಕ್ಕ ಹಾಕಿ ಕೇಂದ್ರ ಸರ್ಕಾರದ ಸರ್ವೆ ಆಫ್ ಇಂಡಿಯಾ ಮುಂಚೆಯೇ ವೇಳಾಪಟ್ಟಿ ಅಚ್ಚು ಹಾಕುತ್ತದೆ. ಬೇರೆ ಯಾವ ನೆರೆ ಹೀಗೆ ತಾರೀಕು ಕೊಟ್ಟು ಬರುತ್ತದೆ ಹೇಳಿ?

ಪಟ್ಟಿಯಲ್ಲಿ ಇಲ್ಲದ್ದೂ ಸೇರಿಕೊಳ್ಳುತ್ತದೆ, ನಿಜ. ಗಾಳಿಯ ಒತ್ತಡ 1 ಮಿಲಿಬಾರ್ ಇಳಿದರೆ ಕಡಲು ಸುಮಾರು 1 ಸೆಂಟಿಮೀಟರ್ ಏರುತ್ತದೆ. ಅದರ ಮೇಲೆ, 1993ರಿಂದ 2017ರವರೆಗೆ ಉತ್ತರ ಹಿಂದೂ ಮಹಾಸಾಗರದ ಮಟ್ಟ ವರ್ಷಕ್ಕೆ 3.3 ಮಿಲಿಮೀಟರಿನಂತೆ ಏರಿದೆ. ಸಣ್ಣದು ಅನ್ನಿಸಬಹುದು. ಗಟಾರದ ಅಂಚಿಗೆ ನಾಲ್ಕು ಬೆರಳು ಉಳಿದಿರುವ ಊರಲ್ಲಿ ಸಣ್ಣದಲ್ಲ.

ಇಲ್ಲಿನ ಗಜನಿ, ಅಂದರೆ ಅಳಿವೆ ಪಕ್ಕದ ತಗ್ಗಿನ ಉಪ್ಪುನೀರು ಗದ್ದೆ, ಮಾಡುವವರಿಗೆ ಇದು ಹಳೇ ಲೆಕ್ಕ. ಸುತ್ತ ಮಣ್ಣಿನ ಒಡ್ಡು, ಅದರ ಬಾಯಿಗೆ ಮರದ ಹಲಗೆ. ಭರತ ಬಂದಾಗ ಮುಚ್ಚು, ಇಳಿತದಲ್ಲಿ ತೆಗೆ. ಮಳೆಗಾಲದಲ್ಲಿ ಉಪ್ಪು ತಾಳುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಉಪ್ಪುನೀರು ಬಿಟ್ಟು ಸಿಗಡಿ, ಮೀನು. ನೀರನ್ನು ಪೂರ್ತಿ ತಡೆಯುವ ಹಟ ಇಲ್ಲ.

ಪಂಚಾಯಿತಿ, ನಗರಸಭೆಗಳ ಪ್ಲಾನಿನಲ್ಲಿ ಈ ಬುದ್ಧಿ ಬರಬೇಕು ಅನ್ನುವುದು ನನ್ನ ವಾದ. ಗಟಾರದ ಮಟ್ಟವನ್ನು ದೊಡ್ಡ ಭರತ ನೋಡಿ ಗುರುತು ಮಾಡಬೇಕು, ಬೇಸಿಗೆಯ ಒಣ ನೆಲ ನೋಡಿ ಅಲ್ಲ. ಗಟಾರ ಹೊಳೆಗೆ ಸೇರುವಲ್ಲಿ ಹೊರಗಡೆಗೆ ಮಾತ್ರ ತೆರೆಯುವ ಬಾಗಿಲು ಬೇಕು. ಆದರೆ ಬಾಗಿಲು ಮುಚ್ಚಿರುವಾಗಲೇ ಜಡಿಮಳೆ ಹಿಡಿದರೆ? ಊರೊಳಗಿನ ನೀರು ಐದಾರು ತಾಸು ಎಲ್ಲೋ ಕಾಯಬೇಕು. ಅದಕ್ಕೆ ಜಾಗ ಇದೇ ತಗ್ಗಿನ ಗಜನಿ, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಕೆಸರು. ಅದನ್ನೇ ಮಣ್ಣು ತುಂಬಿ ಸೈಟ್ ಮಾಡಿದರೆ ನೀರು ಜಗಲಿ ಹತ್ತದೆ ಇನ್ನೆಲ್ಲಿಗೆ ಹೋಗಬೇಕು?

ಇನ್ನೊಂದು ಚಿಲ್ಲರೆ ಖರ್ಚು ಪ್ಲಾನಿನಲ್ಲಿ ಮರೆತೇ ಹೋಗುತ್ತದೆ. ಬಾಗಿಲಿನ ಸಂದಿಗೆ ಒಂದು ತೆಂಗಿನ ಸಿಪ್ಪೆ ಸಿಕ್ಕಿಕೊಂಡರೂ ಸಾಕು, ಅದು ಮುಚ್ಚುವುದಿಲ್ಲ. ಗಜನಿಯ ಹಲಗೆ ನೋಡಿಕೊಳ್ಳಲು ಒಬ್ಬ ಆಳು ಇರುತ್ತಿದ್ದ. ಗಟಾರಕ್ಕೂ ಅಮಾಸೆಯ ಹಿಂದಿನ ದಿನ ಕೈ ಹಾಕಿ ಸಿಪ್ಪೆ ತೆಗೆಯುವ ಒಬ್ಬರು ಬೇಕು, ಅವರಿಗೆ ಸಂಬಳವೂ ಬೇಕು.