ಮೂರು ಇಂಚಿನ ಗಂಡಭೇರುಂಡ

ಕಳೆದ ತಿಂಗಳು ಶಿವಮೊಗ್ಗದ ದುರ್ಗಿಗುಡಿಯಲ್ಲಿ ಜೆರ್ಸಿ ಪ್ರಿಂಟ್ ಹಾಕುವ ಅಂಗಡಿಯೊಂದರಲ್ಲಿ ಸುಮ್ನೆ ಕೂತಿದ್ದೆ. ಸಾಗರದ ಕಡೆಯ ನಾಲ್ಕು ಹುಡುಗರು ಬಂದರು. ಊರಿನ ಫುಟ್‌ಬಾಲ್ ಟೀಮಿಗೆ ಲೋಗೋ ಬೇಕಂತೆ. ಫೋನಿನಲ್ಲಿ ತೋರಿಸಿದ್ದು ಕೆಳದಿ ದೇವಸ್ಥಾನದ ಚಾವಣಿಯಲ್ಲಿರುವ ಗಂಡಭೇರುಂಡ. ಅಂಗಡಿಯವರು ಅದನ್ನು ಎದೆಯ ಮೇಲೆ ಕೂರುವ ಮೂರು ಇಂಚಿಗೆ ಇಳಿಸಿದರು. ಗರಿಗಳೆಲ್ಲ ಕಲಸಿಹೋಗಿ ಹಕ್ಕಿ ಕಪ್ಪು ಮುದ್ದೆಯಾಯಿತು.

"ಗೀಟೆಲ್ಲ ತೆಗೀಬೇಕಪ್ಪಾ" ಅಂದರು. ಹುಡುಗರು ಒಪ್ಪಲಿಲ್ಲ. "ತೆಗೆದ್ರೆ ಅದು ಕೆಳದೀದು ಅನ್ಸಲ್ಲ ಅಣ್ಣಾ."

ದೊಡ್ಡ ದೊಡ್ಡ ಕ್ಲಬ್‌ಗಳೂ ಇದೇ ಜಗಳ ಆಡಿವೆ. ಅದರ ಬೇರು ಹಳೆಯದು.

ಇಂಗ್ಲೆಂಡಿನ ಹಳೆಯ ಕ್ಲಬ್‌ಗಳಲ್ಲಿ ಎಷ್ಟೋ ಕ್ಲಬ್‌ಗಳಿಗೆ ಸ್ವಂತ ಲೋಗೋ ಅಂತ ಇರಲಿಲ್ಲ. ಊರಿನ ಲಾಂಛನವನ್ನೇ ಕಡ ತಂದು ಹಾಕಿಕೊಂಡವು. ಮ್ಯಾಂಚೆಸ್ಟರ್ ಯುನೈಟೆಡ್, ಮ್ಯಾಂಚೆಸ್ಟರ್ ಸಿಟಿ ಎರಡರ ಲೋಗೋದಲ್ಲೂ ಹಡಗಿದೆ. ಊರು ಸಮುದ್ರದ ದಡದಲ್ಲಿಲ್ಲ. ಹಡಗು ಬಂದದ್ದು ನಗರದ ಲಾಂಛನದಿಂದ. ಲಿವರ್‌ಪೂಲ್‌ನ ಹಕ್ಕಿಯೂ ಹಾಗೇ.

ಆರ್ಸೆನಲ್ ಕಥೆ ಇನ್ನೂ ಚೆನ್ನಾಗಿದೆ. 1886ರಲ್ಲಿ ಲಂಡನ್ನಿನ ವೂಲಿಚ್‌ನ ಮದ್ದುಗುಂಡಿನ ಕಾರ್ಖಾನೆಯ ಕೆಲಸಗಾರರು ಕಟ್ಟಿದ ಟೀಮು ಅದು. 1888ರ ಮೊದಲ ಲೋಗೋದಲ್ಲಿ ಮೂರು ಫಿರಂಗಿ ಬಾಯಿ ಮೇಲೆ ಮಾಡಿ ನಿಂತಿವೆ. ಭದ್ರಾವತಿಯವರು ನೋಡಿದರೆ ಕಾರ್ಖಾನೆ ಚಿಮಣಿ ಅಂತಲೇ ಅಂದಾರು. ಕ್ಲಬ್ಬು 1913ರಲ್ಲಿ ಲಂಡನ್ನಿನ ಉತ್ತರ ಭಾಗಕ್ಕೆ ಗುಳೆ ಹೋಯಿತು, ಫಿರಂಗಿ ಮಾತ್ರ ಬಿಡಲಿಲ್ಲ. 1922ರಲ್ಲಿ ಮೂರರ ಬದಲು ಒಂದೇ ಆಯಿತು. ಬಲಕ್ಕೆ ಮುಖ ಮಾಡಿದ್ದು ಮೂರು ವರ್ಷಕ್ಕೆ ಎಡಕ್ಕೆ ತಿರುಗಿತು. 2002ರಲ್ಲಿ ಮತ್ತೆ ಬಲಕ್ಕೆ.

ಆ 2002ರ ಬದಲಾವಣೆಯೇ ಮುಖ್ಯ. ಹಳೆಯ ಲಾಂಛನದಲ್ಲಿ ಅಲ್ಲಿಂದ ಇಲ್ಲಿಂದ ತಂದ ಚಿತ್ರಗಳು ಜಾಸ್ತಿ ಇದ್ದವು. ಅದರ ಮೇಲೆ ಕಾಪಿರೈಟ್ ಸಿಗುವುದು ಕಷ್ಟ ಅಂತ ಕ್ಲಬ್ಬು ಹೇಳಿತು. 1970ರ ದಶಕದವರೆಗೆ ಇದು ಯಾರಿಗೂ ತಲೆನೋವಾಗಿರಲಿಲ್ಲ. ಆಟಗಾರರು ಹಾಕುವಂಥದ್ದೇ ಜೆರ್ಸಿಯನ್ನು ಅಭಿಮಾನಿಗಳಿಗೂ ಮಾರಬಹುದು ಅಂತ ಗೊತ್ತಾದ ಮೇಲೆ ಲೋಗೋ ಆಸ್ತಿಯಾಯಿತು.

ಆರ್ಸೆನಲ್ ಮೈದಾನದ ಹೊರಗೆ 1970ರಿಂದ ಒಬ್ಬ ವ್ಯಾಪಾರಿ ಸ್ಕಾರ್ಫ್ ಮಾರುತ್ತಿದ್ದ. 'ಇದು ಕ್ಲಬ್ಬಿನ ಅಧಿಕೃತ ಮಾಲಲ್ಲ' ಅಂತ ಬೋರ್ಡನ್ನೂ ಹಾಕಿದ್ದ. ಕ್ಲಬ್ಬು ಕೋರ್ಟಿಗೆ ಎಳೆಯಿತು. ಜನ ಇದನ್ನು ಕೊಳ್ಳುವುದು ಕ್ಲಬ್ಬಿನ ಮೇಲಿನ ಅಭಿಮಾನಕ್ಕೆ, ಟ್ರೇಡ್‌ಮಾರ್ಕ್ ನೋಡಿ ಅಲ್ಲ ಅನ್ನುವುದು ಅವನ ವಾದ. ನನಗಂತೂ ಅವನ ಮಾತು ಸರಿ ಅನ್ನಿಸುತ್ತದೆ. ಕೇಸು ಯುರೋಪಿನ ಕೋರ್ಟಿನವರೆಗೆ ಹೋಗಿ ಬಂತು. 2003ರಲ್ಲಿ ಅವನು ಸೋತ. ನಮ್ಮ ನೆಹರೂ ರಸ್ತೆಯಲ್ಲಿ ರಾಶಿ ಹಾಕಿ ಮಾರುವ ಜೆರ್ಸಿ ನೋಡಿದಾಗಲೆಲ್ಲ ಅವನ ನೆನಪಾಗುತ್ತದೆ.

ಆಮೇಲೆ ಫೋನು ಬಂತು. ಉಗುರಿನಷ್ಟು ಜಾಗದಲ್ಲೂ ಲೋಗೋ ಕಾಣಬೇಕು. ಇಟಲಿಯ ಕ್ಲಬ್ ಯುವೆಂಟಸ್ 2017ರಲ್ಲಿ ಎಲ್ಲ ಕಿತ್ತುಹಾಕಿ ಬರೀ ಇಂಗ್ಲಿಷಿನ 'ಜೆ' ಇಟ್ಟುಕೊಂಡಿತು. ಅದರ ಊರಾದ ಟ್ಯೂರಿನ್ ನಗರದ ಗುರುತಾಗಿದ್ದ ಗೂಳಿಯೂ ಹೋಯಿತು. ಅಭಿಮಾನಿಗಳು ಬೈದರು, ಕ್ಲಬ್ಬು ಜಗ್ಗಲಿಲ್ಲ. ಮರುವರ್ಷ ಇಂಗ್ಲೆಂಡಿನ ಲೀಡ್ಸ್ ಯುನೈಟೆಡ್, ಎದೆಗೆ ಮುಷ್ಟಿ ಇಟ್ಟ ಮನುಷ್ಯನ ಚಿತ್ರ ತಂದಿತು. ಹೊಟ್ಟೆಯುರಿಗೆ ಕುಡಿಯುವ ಔಷಧಿಯ ಜಾಹೀರಾತಿನ ಹಾಗಿದೆ ಅಂತ ಜನ ನಕ್ಕರು. ಇದು ಬೇಡ ಅಂತ 50 ಸಾವಿರಕ್ಕೂ ಹೆಚ್ಚು ಮಂದಿ ಸಹಿ ಹಾಕಿದರು. ಕ್ಲಬ್ಬು ಬಾಯಿ ಮುಚ್ಚಿಕೊಂಡು ವಾಪಸ್ ತೆಗೆದುಕೊಂಡಿತು.

ಕೋಲ್ಕತ್ತದಲ್ಲಿ ತಕರಾರು ಚಿತ್ರದ ಮೇಲಲ್ಲ, ಮೂರು ಅಕ್ಷರದ ಮೇಲೆ. 1889ರ ಮೋಹನ್ ಬಗಾನ್ ಕ್ಲಬ್ಬಿನ ಗುರುತು ಹಾಯಿದೋಣಿ. 2020ರಲ್ಲಿ ಅದೇ ಊರಿನ ಎಟಿಕೆ ಅನ್ನುವ ಇನ್ನೊಂದು ಕ್ಲಬ್ಬಿನ ಜೊತೆ ಸೇರಿದಾಗ ದೋಣಿ ಉಳಿಯಿತು, ಆದರೆ ಹೆಸರಿನ ಮುಂದೆ 'ಎಟಿಕೆ' ಬಂದು ಕೂತಿತು. ಅದನ್ನು ತೆಗೆಸಲು ಅಭಿಮಾನಿಗಳಿಗೆ ಮೂರು ವರ್ಷ ಬೇಕಾಯಿತು.

ಅಂಗಡಿಯಲ್ಲಿ ಅಷ್ಟೊತ್ತಿಗೆ ಒಬ್ಬ ಹುಡುಗ ಕರ್ನಾಟಕ ಸರ್ಕಾರದ ಲಾಂಛನವನ್ನೇ ಡೌನ್‌ಲೋಡ್ ಮಾಡಿದ್ದ. ಅದರಲ್ಲೂ ಗಂಡಭೇರುಂಡ ಇದೆಯಲ್ಲ, ಗೀಟೂ ಕಮ್ಮಿ. ಅಂಗಡಿಯವರು ಕೈ ಮುಗಿದರು. ಸರ್ಕಾರದ ಲಾಂಛನವನ್ನು ಅನುಮತಿ ಇಲ್ಲದೆ ವ್ಯಾಪಾರಕ್ಕೆ ಬಳಸಬಾರದು ಅಂತ 1950ರಿಂದಲೇ ಕಾನೂನಿದೆ. ಹಕ್ಕಿಗೆ ಮಾತ್ರ ಯಾರೂ ವಾರಸುದಾರರಲ್ಲ. ಶಿಕಾರಿಪುರದ ಹತ್ತಿರ ಬಳ್ಳಿಗಾವಿಯಲ್ಲಿ 11ನೇ ಶತಮಾನದ ಭೇರುಂಡೇಶ್ವರ ಕಂಬವೇ ಇದೆ.

ಡಚ್ ಕ್ಲಬ್ ಅಯಾಕ್ಸ್ 1990ರಲ್ಲಿ ತನ್ನ ಗ್ರೀಕ್ ವೀರನ ಮುಖವನ್ನು ಬರೀ 11 ಗೀಟಿನಲ್ಲಿ ಬರೆಸಿತ್ತು, ಆಟಗಾರನಿಗೊಂದರಂತೆ. ಅದನ್ನು ಫೋನಿನಲ್ಲಿ ತೋರಿಸಿದೆ. ಹುಡುಗರು ಮುಖ ಮುಖ ನೋಡಿಕೊಂಡರು. ಒಂದೊಂದು ರೆಕ್ಕೆಗೆ ಐದು ಗರಿ ಸಾಕು ಅಂತಾಯಿತು.

"ಹತ್ತೇ ಆಯ್ತಲ್ಲ, ನಂದೆಲ್ಲಿ?" ಅಂತ ಗೋಲ್‌ಕೀಪರ್ ಕೇಳಿದ.

ಬಾಲ ಅವನ ಪಾಲಿಗೆ ಬಂತು.